ಏನಂತೆ?

"ಎಡಕ್ಕೆ! ಎಡಕ್ಕೆ ತಿರುಗಿಸೋ! ಅಯ್ಯೋ, ಎಡಕ್ಕೆ ಅಂದ್ನಲ್ಲೋ!"

ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಸೋದರಮಾವ ಗಂಟಲು ಹರಿದುಕೊಳ್ಳುತ್ತಿದ್ದ. ಸ್ಟ್ರೆಚರಿನ ಕಾಲಿನ ಕಡೆ ಹಿಡಿದು ಅವನು ಹಿಂದುಹಿಂದಾಗಿ ಇಳಿಯುತ್ತಿದ್ದ. ತಲೆಯ ಕಡೆ ಹಿಡಿದವನು ಚಿಕ್ಕವನು. ನಡುವೆ ಬಿಳಿ ಹೊದಿಕೆಯೊಳಗೆ ಒಬ್ಬನ ಅಕ್ಕ, ಇನ್ನೊಬ್ಬನ ತಾಯಿ. ಆ ಕಟ್ಟಡ ಕಟ್ಟಿಸಿದವರು ಕಾಲ ಮೇಲೆ ನಡೆದು ಇಳಿಯುವವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮಲಗಿಕೊಂಡು ಇಳಿಯಬೇಕಾದವರೂ ಯಾವತ್ತೋ ಒಂದು ದಿನ ಇರುತ್ತಾರೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ. ಸ್ಟ್ರೆಚರು ಕಂಬಿಗೂ ಗೋಡೆಗೂ ಸಿಕ್ಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಹೋಗದೆ ನಿಂತುಬಿಟ್ಟಿತು.

"ಮಾವ, ಅವನಿಗೆ ಕೇಳಿಸಲ್ಲ," ಎಂದಳು ಹಿಂದೆ ನಿಂತಿದ್ದ ದೊಡ್ಡವಳು.

"ಗೊತ್ತು ಕಣೇ! ಅವನು ಹುಟ್ಟಿದಾಗಿಂದ ಗೊತ್ತು. ಆದ್ರೆ ಈ ಬಾಯಿ ಸುಮ್ನಿರಲ್ವಲ್ಲ, ಏನ್ ಮಾಡ್ಲಿ? ನೀನೇ ಹೇಳು. ನಿನಗೆ ಬರುತ್ತಲ್ಲ ಆ ಭಾಷೆ!"

ಬರುತ್ತಿತ್ತು. ಅದರಲ್ಲಿ ಅನುಮಾನವಿರಲಿಲ್ಲ. ಎರಡು ವರ್ಷ ಕಲಿತು ಮೊದಲ ದರ್ಜೆಯಲ್ಲಿ ಪಾಸಾದವಳು. ಪ್ರತಿ ಸಂಜೆ ಟೀವಿಯಲ್ಲಿ ಸುದ್ದಿ ಓದುವವನ ಪಕ್ಕ, ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ನಿಂತು, ಕಿವಿ ಕೇಳದವರಿಗಾಗಿ ಕೈಯಲ್ಲಿ ಸುದ್ದಿ ಹೇಳುವ ಕೆಲಸ ಅವಳದು. ಆದರೆ ಈಗ ಅವಳ ಒಂದು ಕೈಯಲ್ಲಿ ತಾಯಿಯ ಫೋಟೋ ಇತ್ತು, ಇನ್ನೊಂದರಲ್ಲಿ ಕೈಚೀಲ, ನೀರಿನ ಬಾಟಲಿ. ಕೈ ಖಾಲಿಯಿದ್ದರೂ ಪ್ರಯೋಜನವಿರಲಿಲ್ಲ, ತಮ್ಮನ ಬೆನ್ನು ಅವಳ ಕಡೆಗಿತ್ತು.

ಕೆಳಗಿನ ಮಹಡಿಯಲ್ಲಿ ನಿಂತಿದ್ದ ಮುದುಕಿಯೊಬ್ಬಳು ಕೊಡೆಯ ಹಿಡಿಯಿಂದ ಕಬ್ಬಿಣದ ಕಂಬಿಗೆ ಟಣ್ಣೆಂದು ಬಾರಿಸಿದಳು. ಕಂಬಿ ನಡುಗಿದ್ದು ಚಿಕ್ಕವನ ಮೊಣಕೈಗೆ ತಿಳಿಯಿತು. ಅವನು ನೋಡಿದ. ಮುದುಕಿ ಮುಷ್ಟಿ ಬಿಗಿದು ಮೇಲಕ್ಕೆತ್ತಿ, ಮಣಿಕಟ್ಟನ್ನು ಒಂದು ಪಕ್ಕಕ್ಕೆ ಓರೆ ಮಾಡಿದಳು. ಅವನು ತಲೆಯ ಕಡೆಯನ್ನು ಕಂಬಿಯ ಮೇಲಕ್ಕೆ ಎತ್ತಿ ಓರೆ ಮಾಡಿದ. ಸ್ಟ್ರೆಚರು ಸಲೀಸಾಗಿ ತಿರುಗಿತು.

"ನೂಲಿನ ಉರುಳೆ ಬಾಗಿಲಲ್ಲಿ ಸಿಕ್ಕಾಕ್ಕೊಂಡಾಗ ಹೀಗೇ ಹೇಳ್ತಿದ್ವಿ," ಎಂದಳು ಮುದುಕಿ, ಅಗತ್ಯಕ್ಕಿಂತ ಜೋರಾಗಿ. ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡಿದವರೆಲ್ಲ ಹಾಗೇ, ನಿವೃತ್ತಿಯಾದ ಮೇಲೂ ಮೆತ್ತಗೆ ಮಾತಾಡಲು ಬರುವುದಿಲ್ಲ. ಇವಳನ್ನು ಮಿಲ್ಲಿನಲ್ಲಿ ಬಾಬಿನಮ್ಮ ಎನ್ನುತ್ತಿದ್ದರು, ಈಗಲೂ ಹಾಗೇ ಅನ್ನುತ್ತಾರೆ. ಹೊದಿಕೆಯೊಳಗೆ ಇದ್ದವಳಿಗೆ ಗಂಟಕ್ಕ ಎಂದು ಹೆಸರು. ಕಡಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವವರು ಆ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

ವ್ಯಾನಿನಲ್ಲಿ ಕೂತಮೇಲೆ ಚಿಕ್ಕವನು ಅಕ್ಕನ ಎದುರಿಗೆ ಬಗ್ಗಿ, ಬೆಳಗ್ಗಿನಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದ. ಅವಳೊಂದಿಗೆ ಅವನು ಆಡುತ್ತಿದ್ದದ್ದು ಶಾಲೆಯಲ್ಲಿ ಕಲಿತ ಸರಿಯಾದ ಕೈಭಾಷೆ, ಅವಳದೇ ಭಾಷೆ.

"ಅಮ್ಮ ಕೊನೆಗೆ ಏನಂದಳು?"

"ಆಮೇಲೆ ಹೇಳ್ತೀನಿ," ಎಂದು ಅವಳು ಫೋಟೋದ ಮೇಲಿಂದ ಒಂದೇ ಕೈಯಲ್ಲಿ ಹೇಳಿದಳು.

"ಏನಂತೆ ಅವನು?" ಎಂದ ಮಾವ.

"ಏನಿಲ್ಲ ಮಾವ. ನೀರು ಬೇಕಾ ಅಂತಿದಾನೆ."

"ನಂಗೂ ಕೊಡು ಸ್ವಲ್ಪ. ಕೂಗಿ ಕೂಗಿ ಗಂಟಲು ಒಣಗೋಯ್ತು."

ಅವಳು ಬಾಟಲಿ ಕೊಟ್ಟಳು. ಪ್ರತಿದಿನ ಸಾವಿರಾರು ಜನರಿಗೆ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳುವವಳು, ತಮ್ಮನ ಒಂದು ಮಾತನ್ನು ಕಣ್ಣೆದುರಿಗೇ ತಿರುಚಿದ್ದಳು. ಅವಳಿಗೆ ತುಂಬ ಸುಸ್ತಾಗಿತ್ತು.

*

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ತಾಯಿಯ ಬಾಯಿಯೊಳಗೆ ನಳಿಗೆ ಇತ್ತು, ಮಾತಿರಲಿಲ್ಲ. ಪ್ರಜ್ಞೆ ಮಾತ್ರ ಇತ್ತು. ಡಾಕ್ಟರು ಒಳ್ಳೆಯವನೇ, ನಿದ್ದೆಗೆಟ್ಟವನು. ಹಾಸಿಗೆಯ ಪಕ್ಕ ನಿಂತು ಬಿಡಿಬಿಡಿಯಾಗಿ ಹೇಳಿದ.

"ಈ ನಳಿಗೆ ಇನ್ನು ಹೀಗೇ ಇಡೋಕಾಗಲ್ಲ. ಗಂಟಲಲ್ಲಿ ಒಂದು ತೂತು ಮಾಡಿ ಅಲ್ಲಿಂದ ಉಸಿರು ಕೊಡಬಹುದು. ಇನ್ನೂ ಸ್ವಲ್ಪ ದಿನ ನೋಡೋಣ. ವಾಸಿ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಬೇಡ ಅಂದ್ರೆ ನಳಿಗೆ ತೆಗೆದು, ನೋವಾಗದ ಹಾಗೆ ನೋಡ್ಕೋತೀವಿ. ಅವರನ್ನೇ ಕೇಳೋಣ. ಅಮ್ಮಾ, ಕೇಳಿಸ್ತಾ? ಮುಂದುವರಿಸೋಣ್ವಾ?"

ತಾಯಿ ಡಾಕ್ಟರನ್ನು ನೋಡಿದಳು, ಮಗಳನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಬಲಗೈಯನ್ನು ಕಷ್ಟಪಟ್ಟು ಎತ್ತಿ, ಅಂಗೈ ಕೆಳಮುಖವಾಗಿ, ಎದೆಯ ಮುಂದೆ ಅಡ್ಡಕ್ಕೆ ಸರಿಸಿದಳು. ಮೇಜಿನ ಮೇಲಿನ ಪುಡಿ ಒರೆಸುವ ಹಾಗೆ. ಇನ್ನೊಮ್ಮೆ ಸರಿಸಿದಳು.

"ಏನಂತೆ?" ಎಂದ ಡಾಕ್ಟರು ಮಗಳ ಕಡೆ ತಿರುಗಿ. "ನೀವು ಟೀವಿಯಲ್ಲಿ ಬರೋರಲ್ವಾ? ನಿಮಗೆ ಗೊತ್ತಾಗುತ್ತಲ್ಲ."

ಗೊತ್ತಾಗದೆ ಏನು? ಅದು ಮೊದಮೊದಲ ಪಾಠಗಳಲ್ಲೇ ಬರುವ ಮಾತು. ಕಲಿಯಲು ಬಂದ ಮಕ್ಕಳಿಗೆ ಅವಳೇ ಎಷ್ಟೋ ಸಲ ಹೇಳಿಕೊಟ್ಟಿದ್ದಳು.

"ಸಾಕು ಅಂತಿದಾರೆ," ಎಂದಳು.

"ಖಚಿತ ತಾನೇ?"

"ಖಚಿತ."

ಸಂಜೆ ನಳಿಗೆ ತೆಗೆದರು. ಮನೆಯಲ್ಲಿದ್ದ ಚಿಕ್ಕವನಿಗೆ ಬೆಳಗ್ಗೆ ಹೇಳಿದರಾಯಿತು, ಅಷ್ಟು ಹೊತ್ತಾದರೂ ಇರುತ್ತಾಳೆ ಎಂದುಕೊಂಡಿದ್ದಳು. ತಾಯಿ ಅಷ್ಟು ಹೊತ್ತು ಇರಲಿಲ್ಲ.

ಸತ್ತದ್ದಕ್ಕೆ ಅವಳು ತನ್ನನ್ನು ದೂರಿಕೊಳ್ಳುತ್ತಿರಲಿಲ್ಲ. ಹೇಗೂ ಹೋಗುವವಳೇ ಎಂದು ಎಲ್ಲರೂ ಹೇಳಿದ್ದರು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಸಾಕು ಅನ್ನುವವಳು ಬಾಗಿಲ ಕಡೆ ಯಾಕೆ ನೋಡಿದಳು? ತಾಯಿ ಆಡಿದ ಮಾತನ್ನು ತಾನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ತಿಳಿಸಬಲ್ಲವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಅವನು ಬೆಳಗ್ಗಿನಿಂದ ಎದುರಿಗೇ ಕೂತು ಕೇಳುತ್ತಿದ್ದ. ಹೇಳಲು ಅವಳಿಗೆ ಭಯವಾಗಿತ್ತು.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದವರದು ಇನ್ನೂ ಮುಗಿದಿರಲಿಲ್ಲ. ಕಾಯುವ ಹಾಲಿನಲ್ಲಿ ಸಿಮೆಂಟಿನ ಬೆಂಚುಗಳು, ಗೋಡೆಗೆ ನಿಂತುಹೋದ ಫ್ಯಾನು, ಮೌನವಾಗಿರಿ ಎಂದು ಒಂದು ಫಲಕ. ಆ ಫಲಕದ ಕೆಳಗೇ ಕೂತು ಬಾಬಿನಮ್ಮ ಗಟ್ಟಿಯಾಗಿ ಫೋಟೋ ನೋಡುತ್ತಿದ್ದಳು. ಗಟ್ಟಿಯಾಗಿ ನೋಡುವುದು ಎಂದರೆ, ಕಂಡದ್ದನ್ನೆಲ್ಲ ಬಾಯಲ್ಲೂ ಹೇಳುವುದು.

"ಇದು ಮಿಲ್ಲಿನ ಫೋಟೋ. ನಾವೆಲ್ಲ ಸಾಲಾಗಿ ನಿಂತಿದ್ವಿ. ಇವಳೊಬ್ಬಳನ್ನೇ ಕತ್ತರಿಸಿದಾರೆ. ಇಲ್ಲಿ ಮೂಲೇಲಿದೆಯಲ್ಲ, ಇದು ನನ್ನ ಭುಜ."

ಫೋಟೋಗೆ ಕಟ್ಟು ಹಾಕಿದವನು ಚಿಕ್ಕವನೇ. ಅವನ ಕೆಲಸವೇ ಅದು. ಸಂತೆಬೀದಿಯ ಮೂಲೆಯ ಅಂಗಡಿಯಲ್ಲಿ ಗಾಜು ಕತ್ತರಿಸಿ, ಮರದ ಪಟ್ಟಿ ಓರೆಗೆ ಕೊಯ್ದು, ಬೇರೆಯವರ ಮದುವೆ, ಮಕ್ಕಳು, ಸತ್ತ ಹಿರಿಯರನ್ನೆಲ್ಲ ಚೌಕಟ್ಟಿಗೆ ಕೂರಿಸುವುದು. ಬೆಳಗ್ಗೆ ಅಂಗಡಿಗೆ ಹೋಗಿ ತುಟಿಯ ನಡುವೆ ಮೊಳೆ ಕಚ್ಚಿಕೊಂಡು ಈ ಕಟ್ಟು ಕೂಡಿಸಿದಾಗ ಎದುರಿನ ಚಹಾದವನು ಯಾರದೋ ಆರ್ಡರು ಎಂದುಕೊಂಡಿದ್ದ.

"ನಿನ್ನ ಭುಜನಾದ್ರೂ ಜೊತೆಗಿದೆಯಲ್ಲ," ಎಂದ ಮಾವ. "ನಮ್ಮಕ್ಕ ನನ್ನ ಜೊತೆ ಒಂದು ಫೋಟೋನೂ ತೆಗೆಸಿಕೊಳ್ಳಲಿಲ್ಲ. ಹಗಲೆಲ್ಲ ಮಿಲ್ಲು, ಸಂಜೆ ಈ ಹುಡುಗ. ನಾನು ಹೋದ್ರೆ ತಾಯಿ ಮಗ ಇಬ್ಬರೂ ಕೈ ಆಡಿಸ್ಕೊಂಡು ಬಿದ್ದು ಬಿದ್ದು ನಗ್ತಾ ಇರೋರು. ನನ್ನ ಮೀಸೆ ವಿಷಯ ಅಂತ ನಂಗೆ ಗ್ಯಾರಂಟಿ. ಏನಂತೆ, ಏನಂತೆ ಅಂತ ಕೇಳಿ ಕೇಳಿ ಸಾಕಾಗಿ, ಟೀ ಕುಡಿದು ಎದ್ದು ಬರ್ತಿದ್ದೆ."

"ಮೀಸೆ ಅಂದ್ರೆ ಮೇಸ್ತ್ರಿ," ಎಂದಳು ಬಾಬಿನಮ್ಮ. "ಹೀಗೆ ಮೀಸೆ ತಿರುವಿದ್ರೆ ಮೇಸ್ತ್ರಿ ಬಂದ, ಕೆಲಸ ನೋಡು ಅಂತ. ನೀವು ಬಾಗಿಲಿಗೆ ಬಂದ ಕೂಡ್ಲೇ ಅವಳು ಅದನ್ನ ಮಾಡಿರ್ತಾಳೆ."

ಮಾವ ನಕ್ಕ. ನಗು ಅರ್ಧಕ್ಕೆ ಅಳುವಾಯಿತು. ಅವನು ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡ.

*

ಹುಡುಗನಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ದಿನ ಗಂಟಕ್ಕ ರಜೆ ಹಾಕಲಿಲ್ಲ. ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದು ಮಗ್ಗಗಳ ನಡುವಿನ ಓಣಿಯಲ್ಲಿ ಅಳುತ್ತಾ ಎಳೆ ಕೂಡಿಸುತ್ತಿದ್ದಳು. ಅಲ್ಲಿ ಅತ್ತರೂ ಯಾರಿಗೂ ಕೇಳುವಂತಿರಲಿಲ್ಲ. ಅಷ್ಟೊಂದು ಮಗ್ಗಗಳು ಒಟ್ಟಿಗೆ ಓಡುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಬಾಬಿನಮ್ಮ ದೂರದಿಂದ ನೋಡಿ, ಏನಾಯಿತು ಎಂದು ಗಲ್ಲ ಎತ್ತಿದಳು. ಗಂಟಕ್ಕ ಕಿವಿ ಮುಟ್ಟಿ, ಕೈ ಬಿಚ್ಚಿ ತೋರಿಸಿದಳು, ಇಲ್ಲ ಎಂದು. ಬಾಬಿನಮ್ಮ ಸುತ್ತಲಿದ್ದ ಹೆಂಗಸರನ್ನೆಲ್ಲ ಬೆರಳಿನಲ್ಲಿ ತೋರಿಸಿದಳು. ಇವಳಿಗೂ ಇಲ್ಲ, ಅವಳಿಗೂ ಇಲ್ಲ, ನನಗೂ ಇಲ್ಲ. ನಾವು ಮಾತಾಡ್ತಾ ಇಲ್ವಾ?

ಆ ಸಂಜೆಯಿಂದ ಮಿಲ್ಲಿನ ಮಾತು ಮನೆಗೆ ಬಂತು. ಗಂಡ ಇರಲಿಲ್ಲ, ಹೋಗಿ ಎಷ್ಟೋ ಕಾಲವಾಗಿತ್ತು. ಎರಡು ಮಕ್ಕಳನ್ನೂ ಮಿಲ್ಲನ್ನೂ ಒಟ್ಟಿಗೆ ತೂಗಿಸಲಾಗದೆ ದೊಡ್ಡವಳನ್ನು ಸೋದರಮಾವನ ಮನೆಗೆ ಬಿಟ್ಟಳು. ಅಲ್ಲಿ ಒಳ್ಳೆಯ ಶಾಲೆ ಇತ್ತು. ಚಿಕ್ಕವನನ್ನು ಬಿಡುವ ಹಾಗಿರಲಿಲ್ಲ, ಅವನಿಗೆ ಅಮ್ಮನ ಕೈ ಬಿಟ್ಟರೆ ಬೇರೆ ಮಾತಿರಲಿಲ್ಲ. ಹೆಬ್ಬೆರಳು ಬಾಯಿಗೆ ಎತ್ತಿದರೆ ಚಹಾ, ಅವನಿಗೆ ಹಾಲು. ಎರಡು ಬೆರಳು ಬೇರ್ಪಡಿಸಿದರೆ ಎಳೆ ಕಡಿಯಿತು, ಮನೆಯಲ್ಲಿ ಏನು ಮುರಿದರೂ ಹರಿದರೂ ಅದೇ ಮಾತು.

ಮತ್ತೆ, ಅಂಗೈ ಅಡ್ಡ ಸರಿಸುವುದು. ಶೆಡ್ಡಿನಲ್ಲಿ ಎಳೆ ಕಡಿದರೆ ಮಗ್ಗದ ಪಕ್ಕದ ಹಿಡಿಯನ್ನು ಅಂಗೈಯಿಂದ ಅಡ್ಡಕ್ಕೆ ತಳ್ಳಬೇಕು. ಮಗ್ಗ ನಿಲ್ಲುತ್ತದೆ. ಗಂಟು ಹಾಕಿ ಹಿಡಿಯನ್ನು ಎಳೆದರೆ ಮತ್ತೆ ಓಡುತ್ತದೆ. ಹಾಗಾಗಿ ಅಲ್ಲಿ ಅಂಗೈ ಅಡ್ಡ ಸರಿಸಿದರೆ 'ತಡಿ' ಎಂದು ಅರ್ಥ. ಮುಗಿಯಿತು ಎಂದಲ್ಲ. ತಡಿ, ಇನ್ನೂ ಇದೆ, ಬಂದೆ.

ಹುಡುಗನ ಬಾಲ್ಯವೆಲ್ಲ ಆ ಒಂದು ಮಾತಿನಲ್ಲಿ ಕಳೆಯಿತು. ಹಸಿವಾಗಿ ತಟ್ಟೆ ಬಡಿದರೆ ತಾಯಿ ಒಲೆಯ ಮುಂದಿನಿಂದ ಅಂಗೈ ಸರಿಸುತ್ತಿದ್ದಳು. ಬೀದಿಗೆ ಹೋಗೋಣವೆಂದು ಬಾಗಿಲಲ್ಲಿ ಕುಣಿದರೆ, ಬೀಗದ ಕೈ ಹುಡುಕುತ್ತಾ ಅಂಗೈ ಸರಿಸುತ್ತಿದ್ದಳು. ದೊಡ್ಡವನಾದ ಮೇಲೆ ಅವನೂ ಅಂಗಡಿಯಿಂದ ಅವಳಿಗೆ ಹಾಗೇ ಮಾಡುತ್ತಿದ್ದ, ಗಾಜು ಕೈಯಲ್ಲಿದ್ದರೆ ಗಲ್ಲದಿಂದಲೇ ಮಾಡುತ್ತಿದ್ದ. ಆ ಮನೆಯಲ್ಲಿ ಆ ಕೈಗೆ ಬೇರೆ ಅರ್ಥವೇ ಇರಲಿಲ್ಲ.

*

ದೊಡ್ಡವಳು ಕೈಭಾಷೆ ಕಲಿತದ್ದು ಈ ಮನೆಯೊಳಕ್ಕೆ ಬರಬೇಕೆಂದು. ರಜೆಗೆ ಬಂದಾಗಲೆಲ್ಲ ತಾಯಿ, ತಮ್ಮ ಕೈ ಆಡಿಸಿ ನಗುವುದನ್ನು ನೋಡಿ, ಊಟದ ತಟ್ಟೆಯ ಮುಂದೆ ನೆಂಟಳ ಹಾಗೆ ಕೂತವಳು ಅವಳು. ಏನಂತಮ್ಮಾ ಎಂದು ಕೇಳಿದರೆ ತಾಯಿ, ಏನಿಲ್ಲ ಮಗಳೇ, ಸುಮ್ನೆ, ಅನ್ನುತ್ತಿದ್ದಳು. ಕೇಳಿ ಹೇಳಿಸಿಕೊಂಡ ಹಾಸ್ಯಕ್ಕೆ ಯಾರಿಗೆ ನಗು ಬರುತ್ತದೆ? ಕಾಲೇಜು ಮುಗಿದ ಮೇಲೆ ಹಟ ಹಿಡಿದು ಕಲಿತಳು. ಸರ್ಟಿಫಿಕೇಟು ಹಿಡಿದು ಮನೆಗೆ ಬಂದ ದಿನ ತಾಯಿ ಸಂತೋಷಕ್ಕೆ ಹೆಬ್ಬೆರಳು ಬಾಯಿಗೆತ್ತಿ, ಚಹಾ ಕುಡಿಯುತ್ತೀಯಾ ಎಂದು ಅವಳನ್ನೇ ಕೈಯಲ್ಲಿ ಕೇಳಿದಳು. ಮೊದಲ ಸಲ.

"ಅಮ್ಮಾ, ಚಹಾಕ್ಕೆ ಹಾಗಲ್ಲ," ಎಂದಳು ದೊಡ್ಡವಳು. "ನೋಡು, ಹೀಗೆ. ನೀವು ಮಾಡೋದೆಲ್ಲ ಬರೀ ಸನ್ನೆ, ಭಾಷೆ ಅಲ್ಲ ಅದು. ಇವನಿಗೂ ತಪ್ಪು ಕಲಿಸಿದೀಯ."

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೊಸದಾಗಿ ಕಲಿತವರ ಉತ್ಸಾಹ, ಅಷ್ಟೇ. ತಾಯಿ ಮಗಳ ಹಾಗೆ ಬೆರಳು ಮಡಚಲು ನೋಡಿದಳು. ನೂಲು ಎಳೆದೆಳೆದು ಗಂಟುಗಟ್ಟಿದ ಬೆರಳು ಮಡಚಿಕೊಳ್ಳಲಿಲ್ಲ. ನಕ್ಕು, "ನಂಗೆ ಬರಲ್ಲ ಬಿಡು ನಿನ್ನ ಭಾಷೆ," ಎಂದು ಚಹಾ ಇಡಲು ಎದ್ದಳು. ಅಲ್ಲಿಂದ ಮುಂದೆ ದೊಡ್ಡವಳು ಬಂದಾಗಲೆಲ್ಲ ಅವಳ ಕೈ ಶಾಲಿನೊಳಗೆ ಇರುತ್ತಿತ್ತು. ಮಗನಿಗೆ ಏನಾದರೂ ಹೇಳಬೇಕಿದ್ದರೆ ಅಡುಗೆಮನೆಗೆ ಕರೆದು ಹೇಳುತ್ತಿದ್ದಳು. ಮಗಳ ಮುಂದೆ ತಪ್ಪು ಮಾತಾಡಲು ಅವಳಿಗೆ ನಾಚಿಕೆ.

ಹೀಗೆ ಎರಡು ಭಾಷೆಯೂ ಬಲ್ಲವನು ಮನೆಯಲ್ಲಿ ಒಬ್ಬನೇ ಉಳಿದ. ದೊಡ್ಡವಳಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಮನೆ ಪಟ್ಟಣದ ಆ ತುದಿಗೆ ಹೋಯಿತು. ಬರುವುದು ಅಪರೂಪವಾಯಿತು. ಬಂದರೂ ತಮ್ಮನೊಂದಿಗೆ ಎರಡು ಮಾತು, ಚೆನ್ನಾಗಿದ್ದೀಯಾ, ಕೆಲಸ ಹೇಗಿದೆ. ಸಂಜೆಯಾದರೆ ಅವನು ಅವಳನ್ನು ಟೀವಿಯ ಮೂಲೆಯಲ್ಲಿ ನೋಡುತ್ತಿದ್ದ. ಪ್ರವಾಹ, ಚುನಾವಣೆ, ಚಿನ್ನದ ಬೆಲೆ ಎಲ್ಲವನ್ನೂ ಅಕ್ಕ ಅವನಿಗೆ ಹೇಳುತ್ತಿದ್ದಳು. ಉಂಡೆಯಾ ಎಂದು ಕೇಳುತ್ತಿರಲಿಲ್ಲ.

*

"ಸುದ್ದಿ ಶುರುವಾದ್ರೆ ಸಾಕು, ನಾನು ಅವರ ಮನೇಲೇ," ಎನ್ನುತ್ತಿದ್ದಳು ಬಾಬಿನಮ್ಮ. ಅವಳ ಮಾತಿಗೆ ಹಾಲಿನ ಆ ಕಡೆಯ ಬೆಂಚಿನವರೂ ತಿರುಗಿ ನೋಡಿದರು. "ನಿಮ್ಮಮ್ಮ ಟೀವಿ ಮುಂದೆ ಕೂತ್ಕೊಂಡು ಇವನ ಮೊಣಕಾಲು ತಟ್ಟೋಳು. ಏನಂತೆ, ಏನಂತೆ ನಿಮ್ಮಕ್ಕ ಅಂತ. ನಾನಂದೆ, ಅಲ್ವೇ, ನಿನಗೆ ಕಿವಿ ಕೇಳುತ್ತಲ್ಲ, ಸುದ್ದಿ ಓದೋನು ಗಂಟಲು ಬಿಟ್ಟು ಓದ್ತಿದಾನಲ್ಲ, ಅದನ್ನ ಕೇಳು. ಅದಕ್ಕೆ ಅವಳು, ಅವನು ಏನಂದ ಅಂತ ಯಾರಿಗೆ ಬೇಕು, ನನ್ನ ಮಗಳು ಏನಂದ್ಲು ಅಂತ ಹೇಳೋ ಅಂತಿದ್ಲು. ಇವನು ಪಾಪ ಎಲ್ಲಾನೂ ನಮ್ಮ ಮಿಲ್ಲಿನ ಮಾತಿಗೆ ತಿರುಗಿಸಿ ಹೇಳ್ಬೇಕು. ಮಂತ್ರಿ ಬಂದ್ರೆ ಮೀಸೆ ತಿರುವೋನು."

ದೊಡ್ಡವಳು ನಗಲು ನೋಡಿದಳು.

"ನಂಗ್ಯಾಕೆ ಹೇಳಲಿಲ್ಲ ದೊಡ್ಡಮ್ಮಾ ಇದನ್ನ?"

"ನೀನು ಯಾವಾಗ ಕೇಳಿದೆ?"

ಅಷ್ಟರಲ್ಲಿ ಅಲ್ಲಿನ ನೌಕರ ಬಂದು ಸೋದರಮಾವನ ಭುಜ ಮುಟ್ಟಿದ. ಎಲ್ಲರೂ ಎದ್ದರು. ನೋಡುವವರು ಕೊನೆಯ ಸಲ ನೋಡಿದರು, ಮಾವ ಅಕ್ಕನ ಹಣೆ ಮುಟ್ಟಿದ. ಚಿಕ್ಕವನು ತಾಯಿಯ ಬಲಗೈಯನ್ನು ಹೊದಿಕೆಯಿಂದ ಈಚೆ ತೆಗೆದು, ಸ್ವಲ್ಪ ಹೊತ್ತು ಹಿಡಿದುಕೊಂಡು, ಮತ್ತೆ ಒಳಗಿಟ್ಟ. ಕಬ್ಬಿಣದ ಬಾಗಿಲು ಮುಚ್ಚಿತು. ಒಳಗೆ ಯಂತ್ರದ ಗಾಳಿ ಶುರುವಾಯಿತು. ಹಾಲಿನ ಗೋಡೆ, ಬೆಂಚು, ನೆಲ ಎಲ್ಲ ಅದುರಿದವು. ಜನ ಬಾಯಿ ಅಲ್ಲಾಡಿಸುತ್ತಿದ್ದರು, ಒಂದು ಮಾತೂ ಕೇಳಿಸುತ್ತಿರಲಿಲ್ಲ. ಮಾವ ಏನೋ ಕೂಗಿ, ಯಾರಿಗೂ ಕೇಳದ್ದನ್ನು ಕಂಡು, ಕೈಚೆಲ್ಲಿ ಹೊರಗೆ ಹೋದ. ಬಾಬಿನಮ್ಮ ಮಾತ್ರ ತನ್ನ ಊರಿಗೆ ಬಂದವಳ ಹಾಗೆ ಬೆಂಚಿಗೆ ಒರಗಿ ಕೂತಳು.

ಚಿಕ್ಕವನು ಅಕ್ಕನ ಎದುರಿಗೆ ನಿಂತ.

"ಈಗ ಹೇಳು. ಅಮ್ಮ ಏನಂದಳು?"

ಇನ್ನು ಮುಂದೂಡಲು ಅವಳಲ್ಲಿ ಶಕ್ತಿ ಇರಲಿಲ್ಲ. ಫೋಟೋ, ಕೈಚೀಲ ಎರಡನ್ನೂ ಬೆಂಚಿನ ಮೇಲಿಟ್ಟಳು. ನಳಿಗೆ, ಡಾಕ್ಟರು, ಅವನು ಕೇಳಿದ ಪ್ರಶ್ನೆ, ಎಲ್ಲವನ್ನೂ ಹೇಳಿದಳು. ಅವಳ ಕೈಭಾಷೆ ಟೀವಿಯಲ್ಲಿ ಇದ್ದಷ್ಟೇ ಸ್ವಚ್ಛವಾಗಿತ್ತು. "ಅಮ್ಮ ಕೈ ಎತ್ತಿದಳು. ಎರಡು ಸಲ ಹೀಗೆ ಮಾಡಿದಳು." ಅಂಗೈ ಕೆಳಗೆ ಮಾಡಿ ಎದೆಯ ಮುಂದೆ ಅಡ್ಡಕ್ಕೆ ಸರಿಸಿದಳು. "ಸಾಕು ಅಂದಳು. ನಾನು ಡಾಕ್ಟರಿಗೆ ಅದನ್ನೇ ಹೇಳಿದೆ. ಅವರು ತೆಗೆದುಬಿಟ್ಟರು. ನಾನು ಹೇಳಿದ್ದು ಸರಿ ತಾನೇ?"

ಬೆಂಚಿನ ಮೇಲೆ ಬಾಬಿನಮ್ಮ ನೆಟ್ಟಗೆ ಕೂತಳು. ಅವಳಿಗೆ ದೊಡ್ಡವಳ ಭಾಷೆ ಬರುತ್ತಿರಲಿಲ್ಲ, ಇಷ್ಟು ಹೊತ್ತು ಒಂದೂ ತಿಳಿದಿರಲಿಲ್ಲ. ಆದರೆ ಆ ಒಂದು ಕೈಯನ್ನು ಅವಳು ಜೀವಮಾನವಿಡೀ ನೋಡಿದವಳು. ಅವಳು ಬಾಯಿ ತೆರೆದಳು. ಚಿಕ್ಕವನು ತಿರುಗಿ ನೋಡದೆಯೇ ಕೈ ಚಾಚಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ.

ತಾಯಿ ತಡಿ ಅಂದಿದ್ದಳು. ಬಾಗಿಲ ಕಡೆ ನೋಡಿ, ಚಿಕ್ಕವನು ಬರಲಿ, ತಡಿ ಅಂದಿದ್ದಳು. ಅವನಿಗೆ ಅದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಕೋಪ ಬಂತು, ಅಕ್ಕನ ಅಚ್ಚುಕಟ್ಟಾದ ಬೆರಳುಗಳ ಮೇಲೆ, ಅವಳ ಮೊದಲ ದರ್ಜೆಯ ಮೇಲೆ. ಆಮೇಲೆ ಅವಳ ಮುಖ ನೋಡಿದ. ಅವಳು ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ ನಿಂತಿರಲಿಲ್ಲ. ಹೊಡೆತ ಬೀಳುತ್ತದೆಂದು ಕಾಯುವ ಮಗುವಿನ ಹಾಗೆ ನಿಂತಿದ್ದಳು.

ಸುಳ್ಳು ಹೇಳಲು ಭಾಷೆ ಚೆನ್ನಾಗಿ ಬರಬೇಕು. ಅವನಿಗೆ ಬರುತ್ತಿತ್ತು. ಬಾಬಿನಮ್ಮನ ಕೈ ಬಿಟ್ಟು, ಅಕ್ಕನ ಭಾಷೆಯಲ್ಲೇ, ಒಂದು ಬೆರಳೂ ತಪ್ಪದಂತೆ ಹೇಳಿದ.

"ಸರಿ. ಸಾಕು ಅಂದಳು. ಅಮ್ಮನಿಗೆ ಸಾಕಾಗಿತ್ತು."

"ಬಾಗಿಲ ಕಡೆ ನೋಡಿದಳು. ಯಾಕೆ?"

"ಬೆಳಕು ಆ ಕಡೆಯಿಂದ ಬರುತ್ತಿತ್ತೇನೋ."

"ಅಮ್ಮನಿಗೆ ನನ್ನ ಭಾಷೆ ಬರುತ್ತಿತ್ತಾ?"

"ನಿನ್ನನ್ನ ಟೀವಿಯಲ್ಲಿ ನೋಡಿ ನೋಡಿ ಕಲಿತಿದ್ದಳು. ನಿನಗೆ ಹೇಳಬೇಡ ಅಂದಿದ್ದಳು. ನಾಚಿಕೆ ಅವಳಿಗೆ."

ದೊಡ್ಡವಳು ಮುಖ ಮುಚ್ಚಿಕೊಂಡು ಅತ್ತಳು. ಎಷ್ಟು ಜೋರಾಗಿ ಅತ್ತಳೋ ಅವಳಿಗೂ ಕೇಳಿಸಲಿಲ್ಲ. ಚಿಕ್ಕವನು ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ. ಅಳು ಅವನ ಪಕ್ಕೆಲುಬಿಗೆ ತಿಳಿಯುತ್ತಿತ್ತು. ಬಾಬಿನಮ್ಮ ಗೋಡೆಯ ಕಡೆ ತಿರುಗಿ ಕೂತಳು, ಮೌನವಾಗಿರಿ ಎಂಬ ಫಲಕವನ್ನು ಓದುತ್ತಿರುವವಳ ಹಾಗೆ.

ತುಂಬ ಹೊತ್ತಿನ ಮೇಲೆ ದೊಡ್ಡವಳು ತಲೆ ಎತ್ತಿ, ಮೂಗು ಒರೆಸಿಕೊಂಡು, ಒದ್ದೆ ಬೆರಳುಗಳಲ್ಲಿ ಕೇಳಿದಳು.

"ಬೆಳಗ್ಗಿನಿಂದ ಏನಾದ್ರೂ ತಿಂದೆಯಾ ನೀನು?"

ಅವನು ಅವಳ ಕೈಯನ್ನೇ ನೋಡುತ್ತಿದ್ದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

"ಇವತ್ತು ನಮ್ಮ ಮನೆಗೆ ಬಾ," ಎಂದಳು. "ಒಬ್ಬನೇ ಆ ಮೂರನೇ ಮಹಡಿ ಹತ್ತಬೇಡ. ನಾನು ಏನಾದ್ರೂ ಮಾಡ್ತೀನಿ. ಅಮ್ಮನ ವಿಷಯ ಹೇಳು ನಂಗೆ. ನೀವಿಬ್ಬರೂ ಮಾವನ ಮೀಸೆ ನೋಡಿ ನಗ್ತಿದ್ದಿದ್ದು, ಅದೆಲ್ಲ."

"ಬರ್ತೀನಿ," ಎಂದ.

*

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಳಗಿನ ಸದ್ದು ಇನ್ನೂ ತಲೆಯಲ್ಲಿ ಗುಂಯ್ಗುಡುತ್ತಿದ್ದುದರಿಂದ ಎಲ್ಲರೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಿದ್ದರು. ಮಾವ ಮುಂದಿನ ಸೀಟಿನಲ್ಲಿ ಕೂತು ಚಪ್ಪಲಿ ಬಿಚ್ಚಿ, ಕಾಲು ನೀವಿಕೊಂಡ. ಹಿಂದೆ ಬಾಬಿನಮ್ಮ, ಪಕ್ಕದಲ್ಲಿ ಫೋಟೋ ತೊಡೆಯ ಮೇಲಿಟ್ಟುಕೊಂಡ ದೊಡ್ಡವಳು. ಅವಳ ಮುಖ ಊದಿಕೊಂಡಿತ್ತು, ಆದರೆ ಬೆಳಗ್ಗಿನಿಂದ ಇದ್ದ ಬಿಗಿ ಹೋಗಿತ್ತು. ತಮ್ಮ ಕೂರಲೆಂದು ಕಿಟಕಿಯ ಪಕ್ಕ ಜಾಗ ಬಿಟ್ಟಿದ್ದಳು.

"ಹೊರಡೋಣ್ವಾ?" ಎಂದ ಡ್ರೈವರು. "ನಂಗೆ ಇನ್ನೊಂದು ಕಡೆ ಹೋಗ್ಬೇಕು."

"ಅವನೆಲ್ಲಿ?" ಎಂದ ಮಾವ. "ಕೂಗಿ ಕರೆಯೋಣ ಅಂದ್ರೆ..." ಎಂದು ತಾನೇ ನಿಲ್ಲಿಸಿದ.

ಚಿಕ್ಕವನು ಹಾಲಿನ ಬಾಗಿಲಿಂದ ಹೊರಬಂದ. ಅಕ್ಕ ಬೆಂಚಿನ ಮೇಲೆ ಮರೆತ ಕೈಚೀಲ ತರಲು ಹಿಂತಿರುಗಿದ್ದ. ಈಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಿಚ್ಚಿಹೋದ ಷೂ ದಾರ ಕಟ್ಟಲು ಬಗ್ಗಿದ. ಡ್ರೈವರು ಎಂಜಿನ್ ಚಾಲು ಮಾಡಿ ವ್ಯಾನನ್ನು ತುಸು ಮುಂದಕ್ಕೆ ಬಿಟ್ಟ. ಬಾಬಿನಮ್ಮ ಕಿಟಕಿಯಿಂದ ಕೊಡೆ ಹೊರಗೆ ಚಾಚಿ ಬೀಸಿದಳು, ಬಾ, ಬಾ ಎಂದು. ಅವನು ತಲೆ ಎತ್ತಿ ನೋಡಿದ. ಎಡಗೈಯಲ್ಲಿ ಚೀಲ. ಬಲಗೈಯನ್ನು ಎದೆಯ ಮುಂದೆ ತಂದು, ಅಂಗೈ ಕೆಳಮುಖವಾಗಿ, ಅಡ್ಡಕ್ಕೆ ಸರಿಸಿದ. ಒಮ್ಮೆ, ಇನ್ನೊಮ್ಮೆ. ಹಾಗೇ ಬಗ್ಗಿ ದಾರ ಕಟ್ಟತೊಡಗಿದ.

ಬಾಬಿನಮ್ಮ ಕೊಡೆಯನ್ನು ಒಳಕ್ಕೆ ಎಳೆದುಕೊಂಡು ತಲೆ ತಗ್ಗಿಸಿದಳು.

ಡ್ರೈವರು ಕನ್ನಡಿಯಲ್ಲಿ ದೊಡ್ಡವಳನ್ನು ನೋಡಿದ. "ಏನಂತೆ ಮೇಡಂ ಅವರು? ಬರಲ್ವಂತಾ? ಹೊರಟುಬಿಡ್ಲಾ?"

ದೊಡ್ಡವಳು ಮೆಟ್ಟಿಲ ಕಡೆಯೇ ನೋಡುತ್ತಿದ್ದಳು. ಅವಳ ಕೈ ಫೋಟೋದ ಗಾಜಿನ ಮೇಲಿತ್ತು.

"ಮೇಡಂ? ಏನಂತೆ?"

"ತಡಿ," ಎಂದಳು ಅವಳು. ಇನ್ನೊಮ್ಮೆ ಹೇಳಿದಳು. "ತಡಿ ಅಂತಿದಾನೆ."

ಡ್ರೈವರು ಎಂಜಿನ್ ಆರಿಸಿದ. ಚಿಕ್ಕವನು ದಾರ ಕಟ್ಟಿ, ಚೀಲ ಹೆಗಲಿಗೆ ಏರಿಸಿ ಓಡಿಬಂದ. ವ್ಯಾನಿನ ಬಾಗಿಲಿಗೆ ಬಂದು, ಹತ್ತಲು ಕಂಬಿ ಹಿಡಿದವನು ಅಕ್ಕನ ಮುಖ ನೋಡಿದ. ಬಾಬಿನಮ್ಮನನ್ನು ನೋಡಿದ. ಕಂಬಿ ಬಿಟ್ಟು, ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡು, ರಸ್ತೆಯಲ್ಲೇ ನಿಂತ.